ಜ್ವರಗಡ್ಡೆ ಎಣಿಸಿದ ಡಾಕ್ಟರು

(ಲೇಖಕರು: 1977-78ನೇ ಸಾಲಿನ ಹತ್ತನೇ ತರಗತಿ ವಿದ್ಯಾರ್ಥಿ, ನಿವೃತ್ತ ಆರೋಗ್ಯ ಸಹಾಯಕರು)

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ ನಾನು ಹಿಂಜರಿದೆ. ನನಗೆ ಬರೆದು ಅಭ್ಯಾಸವಿರುವುದು ತಿಂಗಳ ವರದಿ ಮಾತ್ರ. ಮೂವತ್ತಾರು ವರ್ಷ ಆರೋಗ್ಯ ಇಲಾಖೆಯಲ್ಲಿ ಸೈಕಲ್ ತುಳಿದು ಮನೆ ಮನೆಗೆ ಹೋಗಿ ಬೆರಳು ಚುಚ್ಚಿ ರಕ್ತದ ಸ್ಲೈಡ್ ಮಾಡಿದವನು ನಾನು. ಆದರೆ ಈ ಶಾಲೆಗೆ ಸಂಬಂಧಿಸಿದ ಒಂದು ಲೆಕ್ಕ ನನ್ನ ಮನಸ್ಸಿನಲ್ಲಿ ಬಾಕಿ ಉಳಿದಿತ್ತು. ಅದಕ್ಕಾಗಿ ಒಪ್ಪಿಕೊಂಡೆ.

ಅದು 1976. ನಾನು ಒಂಬತ್ತನೇ ತರಗತಿ. ಶಾಲೆಗೆ ಆಗ ಎರಡೇ ಕೊಠಡಿ, ಉಳಿದದ್ದು ಹುಣಸೆಮರದ ನೆರಳು. ಮಳೆ ಬಿದ್ದು ಹಳ್ಳ ಹರಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಚಳಿಜ್ವರ ಹಿಡಿದು ಮಲಗತೊಡಗಿದರು. ಹಾಜರಿ ಕೂಗುವಾಗ ಅರ್ಧ ತರಗತಿಯಿಂದ ಉತ್ತರವೇ ಬರುತ್ತಿರಲಿಲ್ಲ. ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು ಪಾಠ ಬಿಟ್ಟು, ಕಪ್ಪುಹಲಗೆಯ ಮೇಲೆ ನಮ್ಮ ಹೋಬಳಿಯ ನಕ್ಷೆ ಬರೆದರು. ಕೆರೆ, ಹಳ್ಳ, ರಸ್ತೆ, ಊರಿಗೊಂದು ಸೊನ್ನೆಯಾಕಾರದ ಗುರುತು. ಆಮೇಲೆ ಪ್ರತಿ ಊರಿನ ಹುಡುಗರನ್ನು ಕರೆದು, ಅವರ ಊರಿನಲ್ಲಿ ಎಷ್ಟು ಜನ ಸಹಪಾಠಿಗಳು ಜ್ವರದಿಂದ ಮಲಗಿದ್ದಾರೋ ಅಷ್ಟು ಚುಕ್ಕಿಯನ್ನು ಸೀಮೆಸುಣ್ಣದಲ್ಲಿ ಇಡಿಸಿದರು. ಕಾಲು ಗಂಟೆಯಲ್ಲಿ ಹಲಗೆಯ ಮೇಲೆ ಒಂದು ಸಂಗತಿ ಕಣ್ಣಿಗೆ ಕಂಡಿತು. ಚುಕ್ಕಿಗಳೆಲ್ಲ ಹಳ್ಳದ ಉದ್ದಕ್ಕೂ ಇದ್ದವು. ದಿಬ್ಬದ ಮೇಲಿನ ಊರುಗಳಲ್ಲಿ ಒಂದೋ ಎರಡೋ. ನಾವು ದಿನವೂ ನಡೆದಾಡುವ ಸೀಮೆ, ಆದರೆ ಅದುವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹಳ್ಳದ ದಡದಲ್ಲೇ, ಗುಡ್ಡದಾಚೆ ಒಂದು ಹಟ್ಟಿ ಇತ್ತು. ಅದರ ಗುರುತಿನೊಳಗೆ ಒಂದು ಚುಕ್ಕಿಯೂ ಬೀಳಲಿಲ್ಲ. ಅಲ್ಲಿ ಜ್ವರ ಇಲ್ಲ ಸಾರ್ ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಅಲ್ಲಿಂದ ಶಾಲೆಗೆ ಬರುವವರು ಯಾರಿದ್ದೀರಿ, ಕೈ ಎತ್ತಿ ಎಂದರು ಮೇಷ್ಟ್ರು. ಒಂದು ಕೈಯೂ ಏಳಲಿಲ್ಲ. ಅವರು ಮತ್ತೇನೂ ಹೇಳದೆ ಆ ಗುರುತನ್ನು ಹಾಗೇ ಬಿಟ್ಟು, ಕೈಯ ಸುಣ್ಣ ಒರೆಸಿಕೊಂಡು, ರೊನಾಲ್ಡ್ ರಾಸ್ ಎಂಬ ಡಾಕ್ಟರ ಕಥೆ ಶುರುಮಾಡಿದರು. ಆ ದಿನ ಕೇಳಿದ್ದನ್ನೂ ಮುಂದೆ ಕೆಲಸದಲ್ಲಿದ್ದಾಗ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಗ್ಗುಲಿನ ಅಲ್ಮೋರದಲ್ಲಿ. ತಂದೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಮಗನಿಗೆ ಕಥೆ, ಕವಿತೆ, ಸಂಗೀತ, ಗಣಿತದ ಹುಚ್ಚು. ತಂದೆಗೆ ಮಗ ಡಾಕ್ಟರಾಗಬೇಕೆಂಬ ಹಟ. ತಂದೆಯ ಹಟವೇ ಗೆದ್ದು, ಹುಡುಗ 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಕಾಲೇಜಿಗೆ ಸೇರಿದ. ಓದಿನಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಹೇಗೋ ಪಾಸಾಗಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು. ಮನಸ್ಸಿಲ್ಲದೆ ವಿಜ್ಞಾನ ವಿಭಾಗಕ್ಕೆ ಸೇರಿದ ನಮ್ಮ ಹುಡುಗರಿಗೆ ಈ ಭಾಗವನ್ನು ನಾನು ಒತ್ತಿ ಹೇಳುತ್ತಿರುತ್ತೇನೆ.

ಮುಂದಿನ ಸಂಗತಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1883ರ ಸುಮಾರಿಗೆ. ದಂಡಿನ ಡಾಕ್ಟರಾಗಿ ಬಂದ ರಾಸ್‌ಗೆ ಇರಲು ಒಳ್ಳೆಯ ಬಂಗಲೆ ಸಿಕ್ಕಿತು. ಆದರೆ ಸೊಳ್ಳೆಕಾಟ ತಡೆಯಲಾಗದು. ಸುತ್ತ ಹುಡುಕಿದಾಗ ಕಿಟಕಿಯ ಕೆಳಗೇ ಒಂದು ನೀರಿನ ತೊಟ್ಟಿ, ಅದರ ತುಂಬ ಬಾಲಹುಳು ಕುಣಿಯುತ್ತಿದ್ದವು. ರಾಸ್ ತೊಟ್ಟಿಯನ್ನು ಮಗುಚಿ ಹಾಕಿದರು. ಮನೆಯೊಳಗಿನ ಸೊಳ್ಳೆ ಇಳಿಯಿತು. ಸಂತೋಷದಿಂದ ಹೋಗಿ ದಂಡಿನ ಮೇಲಧಿಕಾರಿಗೆ, ಇಲ್ಲಿರುವ ತೊಟ್ಟಿಗಳನ್ನೆಲ್ಲ ಹೀಗೇ ಖಾಲಿ ಮಾಡಿಸೋಣ ಎಂದರೆ, ಆತ ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಏತಕ್ಕೋ ಸೃಷ್ಟಿಸಿರುತ್ತಾನೆ, ಅದರ ಉಸಾಬರಿ ನಮಗೇಕೆ ಎಂಬುದು ಆತನ ವಾದ. ಸೊಳ್ಳೆಯಿಂದ ರೋಗ ಬರುತ್ತದೆಂಬುದು ಆಗ ರಾಸ್‌ಗೂ ಗೊತ್ತಿರಲಿಲ್ಲ. ಆದರೆ ಹುಟ್ಟುವ ಜಾಗ ಹುಡುಕಿದರೆ ಸೊಳ್ಳೆಯನ್ನು ಕಡಿಮೆ ಮಾಡಬಹುದೆಂಬ ಪಾಠ ಅಂದೇ ಸಿಕ್ಕಿತು. ಮನೆಯ ಹಿತ್ತಲಿನ ಡ್ರಮ್ಮು ಮಗುಚಿ ಎಂದು ನಾನು ಹೇಳಿದಾಗ ನಮ್ಮೂರಿನವರು ಕೊಟ್ಟ ಉತ್ತರವೂ ಆ ಅಧಿಕಾರಿಯದಕ್ಕಿಂತ ಬಹಳ ಬೇರೆಯೇನಲ್ಲ.

ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮಜೀವಿ ಇರುತ್ತದೆಂದು ಲವೆರಾನ್ ಎಂಬ ಫ್ರೆಂಚ್ ಸೈನ್ಯದ ಡಾಕ್ಟರು 1880ರಲ್ಲೇ ಅಲ್ಜೀರಿಯದಲ್ಲಿ ಕಂಡಿದ್ದರು. ರಾಸ್ ಬಹುಕಾಲ ಅದನ್ನು ನಂಬಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು. ಆನೆಕಾಲು ರೋಗದ ಹುಳು ಸೊಳ್ಳೆಯ ಹೊಟ್ಟೆ ಸೇರುವುದನ್ನು ಕಂಡುಹಿಡಿದವರು ಅವರೇ. ಮಲೇರಿಯಾ ಕ್ರಿಮಿಗೂ ಸೊಳ್ಳೆಯೇ ಆಸರೆ ಇರಬೇಕು ಎಂಬುದು ಅವರ ಊಹೆ. ಆದರೆ ಸತ್ತ ಸೊಳ್ಳೆ ಬಿದ್ದ ನೀರು ಕುಡಿದು ಜನಕ್ಕೆ ರೋಗ ಬರುತ್ತದೆ ಎಂದೂ ಅವರು ಭಾವಿಸಿದ್ದರು. ಗುರುವಿನ ಊಹೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. ಯಾವುದು ಯಾವ ಅರ್ಧ ಎಂದು ಬೇರ್ಪಡಿಸುವುದರಲ್ಲಿ ಶಿಷ್ಯನ ವರ್ಷಗಳು ಸವೆದವು.

1895ರಲ್ಲಿ ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದ ಕೆಲವೇ ತಿಂಗಳಿಗೆ, ಬೆಂಗಳೂರಿನಲ್ಲಿ ಕಾಲರಾ ಎದ್ದಿದೆ ಹೋಗಿ ಎಂದು ಸರ್ಕಾರದ ಆದೇಶ ಬಂತು. ಬಾವಿ, ಚರಂಡಿ ನೋಡುವ ಆ ಕೆಲಸದಲ್ಲಿ ಹೆಚ್ಚು ಕಡಿಮೆ ಒಂದೂವರೆ ವರ್ಷ ಹೋಯಿತು. ಸಂಶೋಧನೆ ನಿಂತಿತು ಎಂದು ರಾಸ್ ಕೊರಗಿದರು. ನನಗಂತೂ ಅದು ವ್ಯರ್ಥ ಎನಿಸುವುದಿಲ್ಲ. ಬೀದಿ ಬೀದಿ ತಿರುಗಿ ರೋಗ ಎಲ್ಲಿದೆ ಎಂದು ನೋಡುವ ಕಣ್ಣು ಬರುವುದು ಇಂಥ ಕೆಲಸದಿಂದಲೇ. 1897ರ ಬೇಸಿಗೆಯಲ್ಲಿ ಊಟಿಗೆ ಹೋದವರು, ಕೆಳಗಿನ ಸಿಗೂರು ಘಾಟಿನಲ್ಲಿ ತಿರುಗಾಡಿ, ತಾವೇ ಮಲೇರಿಯಾ ಹಿಡಿಸಿಕೊಂಡರು.

ಅದೇ ವರ್ಷ ಸಿಕಂದರಾಬಾದಿಗೆ ಮರಳಿದ ಮೇಲೆ ನಡೆದದ್ದನ್ನು ಮೇಷ್ಟ್ರು ಹೇಳಿದ ರೀತಿ ನನಗೆ ಇಂದಿಗೂ ನೆನಪಿದೆ. ಬೇಗಂಪೇಟೆಯ ಸಣ್ಣ ಆಸ್ಪತ್ರೆ. ಆಗಸ್ಟ್ ತಿಂಗಳ ಸೆಕೆ. ಪಂಖಾ ಬೀಸಿಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ, ಆದ್ದರಿಂದ ಗಾಳಿ ಇಲ್ಲದೆ ಕೂರಬೇಕು. ಹಣೆಯ ಬೆವರು ಬಿದ್ದು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಗಾಜು ಬಿರುಕು ಬಿಟ್ಟಿತ್ತು. ಎರಡು ವರ್ಷದಿಂದ ಕೊಯ್ದದ್ದೆಲ್ಲ ಬೇರೆ ಜಾತಿಯ ಸೊಳ್ಳೆಗಳು, ಅವುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಈಗ ರೆಕ್ಕೆಯ ಮೇಲೆ ಮಚ್ಚೆಯಿರುವ ಹೊಸ ಬಗೆಯ ಕೆಲವು ಸೊಳ್ಳೆ ಸಿಕ್ಕವು. ನಾವು ಅನಾಫಿಲಿಸ್ ಎನ್ನುವ ಜಾತಿ ಅದು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ ಹತ್ತು ಸೊಳ್ಳೆಗಳಿಂದ ಕಚ್ಚಿಸಿದರು. ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹತ್ತಾಣೆ ಸಿಕ್ಕಿತು. 20ನೇ ತಾರೀಖು, ಕೈಯಲ್ಲಿ ಕೆಲವೇ ಸೊಳ್ಳೆ ಉಳಿದಿರುವಾಗ, ಒಂದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ದುಂಡನೆಯ ಕೋಶಗಳು ಕಂಡವು. ಅಂಥ ಕಪ್ಪು ಕಣಗಳಿರುವುದು ಮಲೇರಿಯಾ ಕ್ರಿಮಿಯಲ್ಲಿ. ಮಾರನೆಯ ದಿನ ಇನ್ನೊಂದು ಸೊಳ್ಳೆ ಕೊಯ್ದರೆ ಅದರಲ್ಲಿ ಆ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಕ್ರಿಮಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು. ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ನಾವು ಇಲಾಖೆಯಲ್ಲಿ ಆಚರಿಸುವುದು ಇದಕ್ಕೇ. ಹುಸೇನ್ ಖಾನನ ಹೆಸರು ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬರಬೇಕೆಂದು ನನ್ನಾಸೆ.

ಇನ್ನೇನು ಮುಗಿಯಿತು ಎನ್ನುವಾಗ ರಾಜಪುತಾನದ ಖೇರ್ವಾಡಕ್ಕೆ ವರ್ಗ. ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. ಬೇಡಿಕೊಂಡ ಮೇಲೆ 1898ರಲ್ಲಿ ಕಲ್ಕತ್ತಕ್ಕೆ ಕಳಿಸಿದರು. ಪ್ಲೇಗಿನ ಗಲಾಟೆಯ ಕಾಲ, ಜನ ಸೂಜಿ ಕಂಡರೆ ಓಡುತ್ತಿದ್ದರು. ರಾಸ್ ಹಕ್ಕಿಗಳ ಮಲೇರಿಯಾ ಹಿಡಿದುಕೊಂಡು, ಮಹಮ್ಮದ್ ಬಕ್ಷ್ ಎಂಬ ಸಹಾಯಕನ ಜೊತೆ ದುಡಿದು, ಜುಲೈ ಹೊತ್ತಿಗೆ ಕ್ರಿಮಿ ಸೊಳ್ಳೆಯ ಜೊಲ್ಲಿನ ಗ್ರಂಥಿ ಸೇರುವುದನ್ನೂ ಕಚ್ಚಿದಾಗ ಇನ್ನೊಂದು ಹಕ್ಕಿಗೆ ದಾಟುವುದನ್ನೂ ತೋರಿಸಿದರು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಪಠ್ಯಪುಸ್ತಕದಲ್ಲಿ ರಾಸ್ ಇಲ್ಲಿಗೆ ಮುಗಿಯುತ್ತಾರೆ.

ನನ್ನ ಪಾಲಿಗೆ ರಾಸ್ ಶುರುವಾಗುವುದೇ ಇಲ್ಲಿಂದ. ರೋಗ ಸೊಳ್ಳೆಯಿಂದ ಬರುತ್ತದೆಂದು ಗೊತ್ತಾಯಿತು, ಸರಿ. ಒಂದು ದೇಶಕ್ಕೆ ಹೋಗಿ ಎಲ್ಲಿಂದ ಕೆಲಸ ಆರಂಭಿಸಬೇಕು? ಯಾವ ಊರಿಗೆ ಮೊದಲು ದುಡ್ಡು ಹಾಕಬೇಕು? ಈ ಪ್ರಶ್ನೆ ಹಿಡಿದು ಅವರು 1907ರ ಕೊನೆಯಲ್ಲಿ ಮಾರಿಷಸ್ ದ್ವೀಪಕ್ಕೆ ಹೋದರು. 1867ರ ಸುಮಾರಿಗೆ ಅಲ್ಲಿ ಮಲೇರಿಯಾ ನುಗ್ಗಿ ಸಾವಿರಾರು ಜನರನ್ನು ಕೊಂದಿತ್ತು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ನಮ್ಮ ದೇಶದಿಂದ ಕೂಲಿ ಕರಾರಿನ ಮೇಲೆ ಹೋದವರು ಮತ್ತು ಅವರ ಮಕ್ಕಳು.

ಆಸ್ಪತ್ರೆಯ ಪುಸ್ತಕ ತೆರೆದರೆ ರೋಗಿಗಳ ಸಂಖ್ಯೆ ಸಿಗುತ್ತದೆ. ಆದರೆ ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಬಾರದವರದಲ್ಲ. ಎಲ್ಲರ ರಕ್ತ ನೋಡಲು ಸೂಕ್ಷ್ಮದರ್ಶಕವೂ ಸಾಲದು, ಸಮಯವೂ ಸಾಲದು. ರಾಸ್ ಹಳೆಯದೊಂದು ಉಪಾಯವನ್ನು ಕೈಗೆತ್ತಿಕೊಂಡರು. ಪಂಜಾಬಿನ ಕಾಲುವೆ ಸೀಮೆಯಲ್ಲಿ 1840ರ ದಶಕದಲ್ಲೇ ಡೆಂಪ್‌ಸ್ಟರ್ ಎಂಬ ಡಾಕ್ಟರು ಬಳಸಿದ್ದ ಉಪಾಯ ಅದು. ಮಲೇರಿಯಾ ಮೇಲಿಂದ ಮೇಲೆ ಬಂದ ಮಗುವಿನ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಜ್ವರಗಡ್ಡೆ ಎನ್ನುತ್ತಿದ್ದರಲ್ಲ, ಅದೇ. ಮಗುವಿಗೆ ಉಸಿರೆಳೆದುಕೊಳ್ಳಲು ಹೇಳಿ ಪಕ್ಕೆಯಡಿ ಬೆರಳಿಟ್ಟರೆ ಗಡ್ಡೆ ಬಂದು ತಾಕುತ್ತದೆ. ಖರ್ಚಿಲ್ಲ, ನೋವಿಲ್ಲ, ಅರ್ಧ ನಿಮಿಷದ ಕೆಲಸ. ಮಕ್ಕಳನ್ನೇ ಏಕೆ ನೋಡಬೇಕೆಂದರೆ, ರೋಗ ನೆಲೆಸಿರುವ ಊರಿನಲ್ಲಿ ಬೆಳೆದ ದೊಡ್ಡವರ ಮೈ ಅದಕ್ಕೆ ಅಷ್ಟಿಷ್ಟು ಒಗ್ಗಿಹೋಗಿರುತ್ತದೆ, ಗಡ್ಡೆಯೂ ಕುಗ್ಗಿರುತ್ತದೆ. ಮಕ್ಕಳ ಹೊಟ್ಟೆ ಸುಳ್ಳು ಹೇಳುವುದಿಲ್ಲ. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗಡ್ಡೆ ಇದೆಯೋ ಅದೇ ಆ ಊರಿನ ಅಂಕಿ.

ಮಕ್ಕಳು ಒಟ್ಟಿಗೆ ಸಿಗುವುದೆಲ್ಲಿ? ತೋಟಗಳಲ್ಲಿ, ಮತ್ತೆ ಶಾಲೆಗಳಲ್ಲಿ. ಹೀಗೆ ಮಾರಿಷಸ್ಸಿನ ಶಾಲೆಗಳು ಒಂದು ದ್ವೀಪದ ಜ್ವರವನ್ನು ಅಳೆಯುವ ಅಳತೆಗೋಲಾದವು. ಕರಾವಳಿಯ ತಗ್ಗು, ಜೌಗು, ಹೊಳೆಯ ಪಕ್ಕದ ತೋಟಗಳು ಒಂದು ಕಡೆ. ನಡುವಿನ ಎತ್ತರದ ತಂಪು ಸೀಮೆ ಇನ್ನೊಂದು ಕಡೆ. ರೋಗಕ್ಕೆ ಹೆದರಿದ ಉಳ್ಳವರು ಅದಾಗಲೇ ಕರಾವಳಿ ಬಿಟ್ಟು ಮೇಲಿನ ಕ್ಯೂರ್‌ಪೀಪ್‌ಗೆ ಮನೆ ಬದಲಾಯಿಸಿದ್ದರು. ಕೂಲಿಯವರು ಎಲ್ಲಿಗೆ ಹೋಗುತ್ತಾರೆ? ಊರೂರಿನ ಅಂಕಿಯನ್ನು ಅದರದರ ಜಾಗದಲ್ಲಿಟ್ಟು ನೋಡಿದರೆ, ಚರಂಡಿ ಎಲ್ಲಿ ತೋಡಬೇಕು, ಜೌಗು ಎಲ್ಲಿ ಮುಚ್ಚಬೇಕು ಎಂದು ದ್ವೀಪವೇ ಹೇಳುತ್ತದೆ. ನಮ್ಮ ಮೇಷ್ಟ್ರು ಹಲಗೆಯ ಮೇಲೆ ಮಾಡಿದ್ದೂ ಇದನ್ನೇ ಎಂದು ನನಗೆ ತಿಳಿದದ್ದು ಬಹಳ ವರ್ಷದ ನಂತರ.

ಅದೇ ಕೆಲಸದಲ್ಲಿ ರಾಸ್‌ರ ಹಳೆಯ ಗಣಿತದ ಹುಚ್ಚು ಕೂಡ ಉಪಯೋಗಕ್ಕೆ ಬಂತು. ಎಲ್ಲ ಸೊಳ್ಳೆಯನ್ನೂ ಕೊಲ್ಲಲಾಗದು, ಆದ್ದರಿಂದ ಮಲೇರಿಯಾ ಹೋಗದು ಎಂದು ವಾದಿಸುವವರು ಆಗ ಬಹಳ. ಒಬ್ಬ ರೋಗಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಇನ್ನೊಬ್ಬನಿಗೆ ಕ್ರಿಮಿ ದಾಟಬೇಕಾದರೆ ಆ ಸೊಳ್ಳೆ ಮನುಷ್ಯನನ್ನೇ ಕಚ್ಚಬೇಕು, ಕ್ರಿಮಿ ಬಲಿಯುವವರೆಗೆ ಬದುಕಿರಬೇಕು, ಮತ್ತೆ ಮನುಷ್ಯನನ್ನೇ ಕಚ್ಚಬೇಕು. ಪ್ರತಿ ಹೆಜ್ಜೆಯಲ್ಲೂ ಬಹುಪಾಲು ಸೊಳ್ಳೆ ಉದುರಿಹೋಗುತ್ತವೆ. ರಾಸ್ ಇದನ್ನೆಲ್ಲ ಗುಣಿಸಿ, ಊರಿನ ಜನಸಂಖ್ಯೆಗೆ ಸೊಳ್ಳೆಯ ಸಂಖ್ಯೆ ಒಂದು ಮಟ್ಟದಿಂದ ಕೆಳಗಿಳಿದರೆ ಸಾಕು, ಕೊನೆಯ ಸೊಳ್ಳೆ ಸಾಯುವವರೆಗೆ ಕಾಯದೆ ರೋಗ ತಾನಾಗಿ ಆರಿಹೋಗುತ್ತದೆ ಎಂದು ತೋರಿಸಿದರು. 1910ರಲ್ಲಿ ಮಲೇರಿಯಾ ತಡೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಸೊಳ್ಳೆಯನ್ನು ಕಂಡುಹಿಡಿದದ್ದಕ್ಕಿಂತ ಈ ಲೆಕ್ಕವೇ ದೊಡ್ಡದು ಎಂದು ಅವರಿಗೆ ಅನಿಸಿತ್ತು. ನನಗೂ ಹಾಗೇ ಅನಿಸುತ್ತದೆ.

ರಾಸ್ ದೇವತೆಯಲ್ಲ. ಜಗಳಗಂಟ. ಇಟಲಿಯ ಗ್ರಾಸಿ ಎಂಬ ವಿಜ್ಞಾನಿಯೊಡನೆ, ಯಾರು ಮೊದಲು ಎಂಬ ವಿಷಯಕ್ಕೆ, ಜೀವಮಾನವೆಲ್ಲ ಕಾದಾಡಿದರು. ಲಾಹೋರಿನ ಹತ್ತಿರದ ಮಿಯಾನ್ ಮೀರ್ ದಂಡಿನಲ್ಲಿ ಸೊಳ್ಳೆ ನಿವಾರಣೆಯ ಪ್ರಯೋಗ ಕೈಕೊಟ್ಟಾಗ, ಅದನ್ನು ನಡೆಸಿದವರ ಮೇಲೂ ಹರಿಹಾಯ್ದರು. ಅವರ ಚಿಂತೆಯಲ್ಲಿ ಸಾಮ್ರಾಜ್ಯಕ್ಕೆ ಮೊದಲ ಸ್ಥಾನ, ನಮ್ಮಂಥವರಿಗೆ ಆಮೇಲಿನದು. ಕೊನೆಗಾಲವೂ ಸುಖದ್ದಲ್ಲ. ಹಿರಿಯ ಮಗ 1914ರ ಯುದ್ಧದಲ್ಲಿ ಸತ್ತ. ಸರ್ ಪದವಿ ಬಂದಿತ್ತು, ಅವರ ಹೆಸರಿನಲ್ಲಿ 1926ರಲ್ಲಿ ಲಂಡನ್ನಿನಲ್ಲಿ ಸಂಸ್ಥೆಯೂ ಆಯಿತು, ಆದರೂ ಕೈಯಲ್ಲಿ ದುಡ್ಡಿಲ್ಲದೆ ತಮ್ಮ ಕಾಗದಪತ್ರಗಳನ್ನೇ ಮಾರಿದರು. 1931ರಲ್ಲಿ ಹೆಂಡತಿ ರೋಸಾ ತೀರಿಕೊಂಡರು. ಮರುವರ್ಷ, 1932ರ ಸೆಪ್ಟೆಂಬರ್ 16ರಂದು, ರಾಸ್ ಕೂಡ.

ಅವರ ಲೆಕ್ಕದ ದಾರಿ ನಮ್ಮ ದೇಶದ ಇಲಾಖೆಗೂ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಡಿ.ಡಿ.ಟಿ. ಹೊಡೆದು, 1961ರ ಹೊತ್ತಿಗೆ ಇಡೀ ದೇಶದಲ್ಲಿ ದಾಖಲಾದ ಪ್ರಕರಣ ಸುಮಾರು 49 ಸಾವಿರಕ್ಕೆ ಇಳಿದಿತ್ತು. ರೋಗ ಹೋಯಿತೆಂದು ಎಲ್ಲರೂ ಮೈಮರೆತರು. 1976ರಲ್ಲಿ ಆ ಸಂಖ್ಯೆ ಸುಮಾರು 64 ಲಕ್ಷ. ನಮ್ಮ ಹಲಗೆಯ ಮೇಲಿನ ಚುಕ್ಕಿಗಳು ಆ 64 ಲಕ್ಷದ ಒಂದು ಚೂರು. ಮರುವರ್ಷ ಬಂದ ಹೊಸ ಕ್ರಮದ ಪ್ರಕಾರ, ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಮಲೇರಿಯಾ ಎಂದು ಲೆಕ್ಕ ಹಾಕಿ, ಎರಡು ಅಥವಾ ಹೆಚ್ಚಿದ್ದ ಕಡೆ ಮಾತ್ರ ಔಷಧಿ ಸಿಂಪಡಿಸಬೇಕು. ಹದಿನೈದು ದಿನಕ್ಕೊಮ್ಮೆ ಆರೋಗ್ಯ ಸಹಾಯಕ ಪ್ರತಿ ಮನೆಗೆ ಹೋಗಬೇಕು, ಗೋಡೆಯ ಮೇಲೆ ತಾರೀಖು ಬರೆಯಬೇಕು. ಆ ಆರೋಗ್ಯ ಸಹಾಯಕ ಮುಂದೆ ನಾನೇ ಆದೆ.

ಆಸ್ಪತ್ರೆಯ ಗೋಡೆಯ ಮೇಲೆ ನಮ್ಮ ವ್ಯಾಪ್ತಿಯ ನಕ್ಷೆ ನೇತುಹಾಕಿ, ಪಾಸಿಟಿವ್ ಬಂದ ಊರಿಗೆ ಕೆಂಪು ಗುಂಡುಸೂಜಿ ಚುಚ್ಚುತ್ತಿದ್ದೆ. ಬಂದ ಸಾಹೇಬರೆಲ್ಲ ಮೆಚ್ಚುತ್ತಿದ್ದರು. 1995ರ ಮಳೆಗಾಲದಲ್ಲಿ ಗುಡ್ಡದಾಚೆಯ ಆ ಹಟ್ಟಿಗೆ ಹೋಗುವ ದಾರಿ ಹಳ್ಳದ ನೀರಿನಿಂದ ಕಟ್ಟಾಯಿತು. ಸುತ್ತಿಕೊಂಡು ಹೋದರೆ ಒಂಬತ್ತು ಕಿಲೋಮೀಟರು. ಮೂರು ಸುತ್ತು ನಾನು ಹೋಗಲಿಲ್ಲ. ಹೋಗಲಿಲ್ಲ ಎಂದು ಬರೆಯಬೇಕಿತ್ತು. ಜ್ವರ ಪ್ರಕರಣ ಸೊನ್ನೆ ಎಂದು ಬರೆದೆ. ಹಟ್ಟಿಯ ಸೊನ್ನೆ ಸೇರಿ ನಮ್ಮ ಉಪಕೇಂದ್ರದ ಲೆಕ್ಕ ಎರಡಕ್ಕಿಂತ ಕೆಳಗೆ ಬಿತ್ತು. ಸಿಂಪಡಣೆಯವರು ಬೇರೆ ಕಡೆ ಹೋದರು.

ನೀರಿಳಿದ ಮೇಲೆ ಹೋದಾಗ ಹಟ್ಟಿಯಲ್ಲಿ ಮನೆಗೊಬ್ಬರಂತೆ ಕಂಬಳಿ ಹೊದ್ದು ಮಲಗಿದ್ದರು. ಚೊಚ್ಚಲ ಬಸುರಿಯೊಬ್ಬಳು ಎಂಟು ದಿನದ ಹಿಂದೆ ಜ್ವರ ನೆತ್ತಿಗೇರಿ ಹೋಗಿದ್ದಳು. ಅವಳ ಅತ್ತೆ ನನ್ನನ್ನು ಬೈಯಲಿಲ್ಲ. ಬಂದಿರಲ್ಲಪ್ಪ ಎಂದು ಕುಡಿಯಲು ಮಜ್ಜಿಗೆ ಕೊಟ್ಟರು. ಅಂದು ತೆಗೆದ ಸ್ಲೈಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸಿಟಿವ್ ಬಂದವು. ವಾಪಸು ಬಂದು ನಕ್ಷೆಯ ಮುಂದೆ ನಿಂತಾಗ ಹಟ್ಟಿಯ ಜಾಗ ಬೆಳ್ಳಗೆ ಶುಭ್ರವಾಗಿತ್ತು. ಮೇಷ್ಟ್ರು ಹಲಗೆಯ ಮೇಲೆ ಬಿಟ್ಟ ಖಾಲಿ ಗುರುತು ನೆನಪಾಯಿತು. ಅಂದು ಜ್ವರ ಇಲ್ಲ ಎಂದು ಕೂಗಿದವನೂ ನಾನೇ. ಈ ಸಂಗತಿಯನ್ನು ಮೇಷ್ಟ್ರಿಗೆ ಹೇಳಬೇಕೆಂದು ಎರಡು ಸಲ ಅವರ ಮನೆಯವರೆಗೂ ಹೋಗಿ, ಬೇರೇನೋ ಮಾತಾಡಿ ಬಂದೆ. ಈಗ ಅವರಿಲ್ಲ.

ಆ ಹಟ್ಟಿಗೆ ಈಗ ಸೇತುವೆಯಾಗಿದೆ. ಹದಿನಾಲ್ಕು ಮಕ್ಕಳು ಅಲ್ಲಿಂದ ನಮ್ಮ ಶಾಲೆಗೆ ಬರುತ್ತಾರೆ. ಹೋದ ಆಗಸ್ಟಿನಲ್ಲಿ ಡೆಂಗಿ ಲಾರ್ವಾ ಸಮೀಕ್ಷೆಗೆ ಎಂಟನೇ ತರಗತಿಯವರನ್ನು ಕರೆದುಕೊಂಡು ಊರೊಳಗೆ ಹೊರಟಾಗ, ನಿವೃತ್ತನಾದರೂ ಬನ್ನಿ ಎಂದು ಮುಖ್ಯೋಪಾಧ್ಯಾಯರು ನನ್ನನ್ನೂ ಕರೆದರು. ಮಕ್ಕಳು ಡ್ರಮ್ಮು, ತೊಟ್ಟಿ, ಹಳೆ ಟೈರು ಬಗ್ಗಿ ನೋಡಿ, ಹುಳು ಇದ್ದ ಮನೆಗೆ ನಕ್ಷೆಯಲ್ಲಿ ಕೆಂಪು, ಇಲ್ಲದ ಮನೆಗೆ ಸೊನ್ನೆ ಹಾಕುತ್ತಾ ಬಂದರು. ಹಟ್ಟಿಯ ಹುಡುಗಿಯೊಬ್ಬಳು ಪೆನ್ಸಿಲು ಹಿಡಿದು ಒಂದು ಮನೆಯ ಮುಂದೆ ನಿಂತುಬಿಟ್ಟಳು. ಬಾಗಿಲು ಹಾಕಿತ್ತು, ಕೂಗಿದರೂ ಯಾರೂ ಬರಲಿಲ್ಲ. ಇದಕ್ಕೂ ಸೊನ್ನೆ ಹಾಕಲಾ ತಾತ ಎಂದು ಕೇಳಿದಳು. ಬೇಡಮ್ಮ, ಬೀಗ ಎಂದು ಬರೆ, ಸಾಯಂಕಾಲ ಇನ್ನೊಮ್ಮೆ ಬರೋಣ ಎಂದೆ. ಅವಳು ಆ ಮನೆಯ ಚೌಕದೊಳಗೆ ಅಕ್ಷರ ಹಿಡಿಸುವಷ್ಟು ಸಣ್ಣದಾಗಿ ಬೀಗ ಎಂದು ಬರೆದು ಮುಂದಿನ ಮನೆಗೆ ಓಡಿದಳು.